ಕಾರ್ಮಿಕರ ಒಡೆತನ ಮತ್ತು ಗಾತ್ರ: ಕುರ್ಲಾದಿಂದ ತಲಪಾಡಿವರೆಗಿನ ಕೆಲವು ದಾಖಲೆಗಳ ಮೇಲೊಂದು ಟಿಪ್ಪಣಿ

1. ವ್ಯಾಪ್ತಿ

ಮುಂಬಯಿಯ ಚೆಂಬೂರಿನಲ್ಲಿ ‘ಸೊಸೈಟಿ’ ಎಂದರೆ ವಾಸದ ಕಟ್ಟಡ. ಮುಂಬಯಿ ಕನ್ನಡಿಗರ ಮಾತಿನಲ್ಲಿ ‘ಸಹಕಾರಿ’ ಎಂದರೆ ಬಹುಮಟ್ಟಿಗೆ ಬ್ಯಾಂಕು. 1906ರ ಶಾಮರಾವ್ ವಿಠಲ್ ಬ್ಯಾಂಕ್, ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಕಟ್ಟಿದ ಭಾರತ್ ಬ್ಯಾಂಕ್ ಮೊದಲಾದವು ಕಣ್ಣಮುಂದೆ ಬರುತ್ತವೆ. ಇವೆಲ್ಲ ಸಹಕಾರ ತತ್ತ್ವದ ಸಂಸ್ಥೆಗಳೇ ಹೌದು. ಆದರೆ ಇವುಗಳಲ್ಲಿ ಸದಸ್ಯ ಬೇರೆ, ದುಡಿಯುವವ ಬೇರೆ. ಬ್ಯಾಂಕಿನ ಗುಮಾಸ್ತ ಗುಮಾಸ್ತನೆಂಬ ಕಾರಣಕ್ಕೆ ಒಡೆಯನಲ್ಲ. ಸೊಸೈಟಿಯ ಗೇಟಿನಲ್ಲಿ ರಾತ್ರಿ ಕೂರುವ ವಾಚ್‌ಮನ್‌ಗೆ ವಾರ್ಷಿಕ ಸಭೆಯಲ್ಲಿ ಮತವಿಲ್ಲ.

ಈ ಟಿಪ್ಪಣಿಯ ವಿಷಯ ಇನ್ನೂ ಕಿರಿದು: ದುಡಿಯುವವರೇ ಸದಸ್ಯರಾಗಿ, ತಲೆಗೊಂದು ಮತ ಹೊಂದಿರುವ ಸಂಸ್ಥೆಗಳು. ಇಂಥವು ನೂರಿನ್ನೂರು ಜನರ ಆಚೆಗೆ, ಸಾವಿರಗಳ ಲೆಕ್ಕದಲ್ಲಿ ನಡೆಯಬಲ್ಲವೇ ಎಂಬುದು ಪ್ರಶ್ನೆ. ಉತ್ತರಕ್ಕೆ ಸ್ಪೇನಿನ ಮೊಂದ್ರಾಗೋನ್ ಸಹಕಾರಿ ಸಮೂಹವನ್ನು ಎತ್ತಿಕೊಳ್ಳುವುದು ವಾಡಿಕೆ. ಇಲ್ಲಿ ಆಯ್ದಿರುವುದು ಚೆಂಬೂರಿನ ನೆರೆಯ ಕುರ್ಲಾ, ದಕ್ಷಿಣ ಮುಂಬಯಿಯ ಗಿರಗಾಂವ್, ಬೆಂಗಳೂರು ಮತ್ತು ಕನ್ನಡ–ಮಲಯಾಳ ಗಡಿಯ ಕರಾವಳಿಯ ಪ್ರಕರಣಗಳನ್ನು. ಆಯ್ಕೆ ಪ್ರಾತಿನಿಧಿಕವೆಂಬ ವಾದ ಇಲ್ಲಿಲ್ಲ.

2. ಕಮಾನಿ ಟ್ಯೂಬ್ಸ್, ಕುರ್ಲಾ

ಕುರ್ಲಾ ಪಶ್ಚಿಮದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಿ ‘ಕಮಾನಿ’ ಎಂಬುದು ಈಗಲೂ ಜಾಗದ ಹೆಸರು. ಕಮಾನಿ ಟ್ಯೂಬ್ಸ್ ಲಿಮಿಟೆಡ್ ತಾಮ್ರ ಮತ್ತು ತಾಮ್ರದ ಮಿಶ್ರಲೋಹದ ಕೊಳವೆಗಳನ್ನು ತಯಾರಿಸುತ್ತಿತ್ತು. ಮಾಲೀಕ ಕುಟುಂಬದ ಒಳಜಗಳ, ಬಾಕಿಗಳು ಸೇರಿ 1985ರ ಸೆಪ್ಟೆಂಬರಿನಲ್ಲಿ ಕಾರ್ಖಾನೆ ನಿಂತಿತು. ಡಿ. ತಂಗಪ್ಪನ್ ಮುಂದಾಳುತನದ ಕಾರ್ಮಿಕ ಸಂಘ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ರೋಗಗ್ರಸ್ತ ಕೈಗಾರಿಕೆಗಳ ಕಾಯ್ದೆ ಬಂದದ್ದೂ 1985ರಲ್ಲಿ. ಅದರಡಿಯ ಮಂಡಳಿ, ಅಂದರೆ ಬಿಐಎಫ್‌ಆರ್, ಕೆಲಸ ಆರಂಭಿಸಿದ್ದು 1987ರಲ್ಲಿ. ಕಮಾನಿ ಕಡತ ಆ ಮಂಡಳಿಯ ಮೊದಮೊದಲ ಕಡತಗಳಲ್ಲೊಂದು.

ಎರಡು ಸ್ಪಷ್ಟೀಕರಣ ಅಗತ್ಯ. ಮೊದಲನೆಯದು ತೀರ್ಪಿನ ವರ್ಷ. ನವನೀತ್ ಆರ್. ಕಮಾನಿ ವಿರುದ್ಧ ಆರ್.ಆರ್. ಕಮಾನಿ ಪ್ರಕರಣ ತೀರ್ಪುಗಳ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಸಂಪುಟದಲ್ಲಿ 1989ರ ಕೆಳಗೆ ಅಚ್ಚಾಗಿರುವುದರಿಂದ ತೀರ್ಪೂ 1989ರದ್ದೆಂದು ಭಾವಿಸುವ ಅಪಾಯವಿದೆ. ತೀರ್ಪು 1988ರದು. ಕಾರ್ಖಾನೆ ಮತ್ತೆ ಶುರುವಾದದ್ದು 1989ರಲ್ಲಿ. ಈ ಎರಡು ವರ್ಷಗಳನ್ನು ಬೆರೆಸಬಾರದು.

ಎರಡನೆಯದು ಕಾನೂನು ರೂಪ, ಇದು ಹೆಚ್ಚು ಮುಖ್ಯ. ಕಮಾನಿ ಟ್ಯೂಬ್ಸ್ ಸಹಕಾರ ಸಂಘವಾಗಲಿಲ್ಲ, ಕಂಪನಿಯಾಗಿಯೇ ಉಳಿಯಿತು. ಹತ್ತು ರೂಪಾಯಿಯ ಷೇರಿನ ಬೆಲೆಯನ್ನು ಒಂದು ರೂಪಾಯಿಗೆ ಇಳಿಸಿ, ಆ ಷೇರುಗಳನ್ನು ಕಾರ್ಮಿಕರ ಸಹಕಾರ ಸಂಘಕ್ಕೆ ವರ್ಗಾಯಿಸುವುದು ಮಂಡಳಿಯ ಮುಂದಿದ್ದ ಪುನಶ್ಚೇತನ ಯೋಜನೆಯ ತಿರುಳು. ಕಾರ್ಮಿಕನು ಸಹಕಾರ ಸಂಘದ ಸದಸ್ಯ, ಆ ಸಂಘ ಕಂಪನಿಯ ಷೇರುದಾರ: ಒಡೆತನ ಹೀಗೆ ಎರಡು ಮೆಟ್ಟಿಲಿನದು. ‘ಕಾರ್ಮಿಕ ಸಹಕಾರಿ’ ಎಂಬ ಚಾಲ್ತಿಯ ವರ್ಣನೆ ತಪ್ಪಲ್ಲ, ಆದರೆ ಸಡಿಲ. ಕಾರ್ಮಿಕರು, ಸುಮಾರು 600 ಮಂದಿ, ತಮ್ಮ ಭವಿಷ್ಯ ನಿಧಿಯಿಂದ ಹಣ ಹಾಕಿದರು. ಬ್ಯಾಂಕುಗಳ ಸಾಲವೂ ಸೇರಿತು.

ಮೊದಲ ಕೆಲವು ವರ್ಷ ಉತ್ಪಾದನೆ ಚೇತರಿಸಿತು. 1990ರ ದಶಕ ಮುಗಿಯುವ ಮುನ್ನ ಕಂಪನಿ ಮತ್ತೆ ರೋಗಗ್ರಸ್ತವಾಯಿತು. ಕಾರಣಗಳಲ್ಲಿ ದುಡಿಯುವ ಬಂಡವಾಳದ ಕೊರತೆಗೆ ಮೊದಲ ಸ್ಥಾನ ಕೊಡಬೇಕೆಂದು ತೋರುತ್ತದೆ. ತಾಮ್ರ ದುಬಾರಿ ಕಚ್ಚಾಮಾಲು. ಕೊಳ್ಳಲು ಮುಂಗಡ ಹಣ ಬೇಕು, ಮಾರಿದ ಹಣ ಕೈಸೇರುವುದು ತಡವಾಗಿ. ಪಿ.ಎಫ್. ಹಣ ಯಂತ್ರವನ್ನು ಮತ್ತೆ ತಿರುಗಿಸಬಲ್ಲದು, ತಿಂಗಳು ತಿಂಗಳು ತಾಮ್ರ ತರಿಸಲಾರದು. ಕಾರ್ಮಿಕ ನಾಯಕರು ಮತ್ತು ವೃತ್ತಿಪರ ಮ್ಯಾನೇಜರುಗಳ ನಡುವಿನ ತಿಕ್ಕಾಟಕ್ಕೆ ಎಷ್ಟು ತೂಕ ಕೊಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ ಸಾಧ್ಯ.

3. ಲಿಜ್ಜತ್: ಗಾತ್ರ ನಿರ್ವಿವಾದ, ರೂಪ ವಿವಾದಾಸ್ಪದ

ದಿನಾಂಕಗಳಲ್ಲಿ ತೊಡಕಿಲ್ಲ. 1959ರ ಮಾರ್ಚ್ 15ರಂದು ಗಿರಗಾಂವ್‌ನ ಲೋಹಾಣಾ ನಿವಾಸದ ತಾರಸಿಯಲ್ಲಿ ಏಳು ಮಂದಿ ಹೆಂಗಸರು ಹಪ್ಪಳ ಲಟ್ಟಿಸಲು ಕೂತರು. ಮೂಲಧನ ಛಗನ್‌ಲಾಲ್ ಕರಮ್ಸಿ ಪಾರೇಖರಿಂದ ಪಡೆದ 80 ರೂಪಾಯಿ ಸಾಲ. ಮೊದಲ ದಿನದ ಮಾಲು ನಾಲ್ಕು ಪೊಟ್ಟಣ, ಮೊದಲ ವರ್ಷದ ಮಾರಾಟ 6,196 ರೂಪಾಯಿ. ಅರುವತ್ತು ವರ್ಷದ ಹೊತ್ತಿಗೆ ಸದಸ್ಯೆಯರು ಸುಮಾರು 45,000, ವಹಿವಾಟು 1,600 ಕೋಟಿಯ ಆಸುಪಾಸು. ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್‌ರಿಗೆ 2021ರಲ್ಲಿ ಪದ್ಮಶ್ರೀ ಘೋಷಣೆಯಾಯಿತು.

ತೊಡಕು ನೋಂದಣಿಯಲ್ಲಿದೆ. ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್ 1966ರ ಜುಲೈಯಲ್ಲಿ ನೋಂದಣಿಯಾದದ್ದು 1860ರ ಸೊಸೈಟಿಗಳ ನೋಂದಣಿ ಕಾಯ್ದೆಯಡಿ; 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯಡಿ ಅಲ್ಲ. ಅದೇ ಸೆಪ್ಟೆಂಬರಿನಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಮಾನ್ಯತೆ, ಬಳಿಕ ದುಡಿಯುವ ಬಂಡವಾಳವಾಗಿ 8 ಲಕ್ಷ ರೂಪಾಯಿ ಬಂತು. ಕಾನೂನಿನ ಕಣ್ಣಿನಲ್ಲಿ ಲಿಜ್ಜತ್ ಸಹಕಾರ ಸಂಘವಲ್ಲ. ಆದರೂ ಅದನ್ನು ದೇಶದ ದೊಡ್ಡ ಕಾರ್ಮಿಕ ಸಹಕಾರಿಗಳ ಪಟ್ಟಿಯಲ್ಲಿ ಸೇರಿಸದ ಲೇಖನ ಅಪರೂಪ.

ಸೇರಿಸುವುದು ಸರಿಯೇ? ನಡವಳಿಕೆ ನೋಡಿದರೆ ಸರಿಯೆನ್ನಬಹುದು. ಸದಸ್ಯತ್ವ ದುಡಿಯುವ ಹೆಂಗಸರಿಗೆ ಮಾತ್ರ. ಗಂಡಸರು ಸಂಬಳಕ್ಕಿರಬಹುದು, ಮತವಿಲ್ಲ. ಲಾಭ, ನಷ್ಟ ಎರಡೂ ‘ಬೆನ್’ (ಸೋದರಿ) ಎನಿಸಿಕೊಳ್ಳುವ ಸದಸ್ಯೆಯರದ್ದು. ಆಡಳಿತ ಸಮಿತಿ 21 ಜನರದು. ಹಾಗಿದ್ದರೆ ‘ಸಹಕಾರಿ’ ಎಂಬ ಪದವನ್ನು ರೂಪಕ್ಕೋ ನಡವಳಿಕೆಗೋ, ಯಾವುದಕ್ಕೆ ಬಳಸುತ್ತಿದ್ದೇವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಟಿಪ್ಪಣಿಯಲ್ಲಿ ನಡವಳಿಕೆಗೆ.

ಕೆಲಸದ ಬಗೆಯನ್ನು ಹತ್ತಿರದಿಂದ ನೋಡಬೇಕು. ಬೆಳಿಗ್ಗೆ ಶಾಖೆಯಲ್ಲಿ ಉದ್ದಿನ ಹಿಟ್ಟು ನಾದಿ, ತೂಗಿ ಕೊಡುತ್ತಾರೆ. ಮನೆಗೆ ಒಯ್ದು ಲಟ್ಟಿಸಿ, ಒಣಗಿಸಿ, ಮಾರನೆಯ ದಿನ ಹಪ್ಪಳ ಒಪ್ಪಿಸಿ ಹೊಸ ಹಿಟ್ಟು ಪಡೆಯುತ್ತಾರೆ. ಲಟ್ಟಿಸಿದ ತೂಕಕ್ಕೆ ಕೂಲಿ. ಅದಕ್ಕೆ ‘ವಣಾಯಿ’ ಎಂಬ ಗುಜರಾತಿ ಹೆಸರು. ಮೊದಲ ವರ್ಷ ಮಳೆಗಾಲದಲ್ಲಿ ನಾಲ್ಕು ತಿಂಗಳು ಕೆಲಸ ನಿಂತಿತ್ತು, ಹಪ್ಪಳ ಒಣಗುತ್ತಿರಲಿಲ್ಲ. ಎರಡನೆಯ ವರ್ಷ ಒಂದು ಮಂಚ, ಒಂದು ಸ್ಟೋವ್ ಕೊಂಡರು: ಮಂಚದ ಮೇಲೆ ಹಪ್ಪಳ, ಕೆಳಗೆ ಸ್ಟೋವ್. ಇಡೀ ಉದ್ದಿಮೆಯ ಸ್ಥಿರ ಬಂಡವಾಳ ಆಗ ಅಷ್ಟೇ. ಕಮಾನಿಯ ಯಂತ್ರಗಳ ಪಕ್ಕದಲ್ಲಿ ಆ ಮಂಚವನ್ನಿಟ್ಟು ನೋಡಿದರೆ ಮುಂದಿನ ವಾದದ ಅರ್ಧ ಹೇಳಿದಂತೆ.

ವಿಸ್ತರಣೆ ಸರಾಗವಾಗಿತ್ತೆಂದು ತಿಳಿಯಬಾರದು. 1961ರಲ್ಲಿ ಮಲಾಡ್‌ನಲ್ಲಿ ಶಾಖೆ ತೆರೆಯುವ ಯತ್ನ ಕೈಗೂಡಲಿಲ್ಲ. ಗಿರಗಾಂವ್‌ನಿಂದ ಉಪನಗರಕ್ಕೆ ಹೋಗಲಾಗದ ಸಂಸ್ಥೆ 1968ರಲ್ಲಿ ಗುಜರಾತಿನ ವಾಲೋಡದಲ್ಲಿ ಶಾಖೆ ತೆರೆಯಿತು.

4. ದಿನೇಶ್ ಬೀಡಿ ಮತ್ತು ಮಂಗಳೂರು

ಕನ್ನಡ ಓದುಗರಿಗೆ ಈ ಪ್ರಕರಣ ಹತ್ತಿರದ್ದು, ಏಕೆಂದರೆ ಅದರ ಹುಟ್ಟಿಗೆ ಕಾರಣವಾದ ನಿರ್ಧಾರ ಮಂಗಳೂರಿನದು. ಕಣ್ಣೂರು, ಕಾಸರಗೋಡು ಸೀಮೆಯ ಬೀಡಿ ಕಾರ್ಮಿಕರಲ್ಲಿ ದೊಡ್ಡ ಪಾಲು ದುಡಿಯುತ್ತಿದ್ದದ್ದು ಮಂಗಳೂರು ಗಣೇಶ್ ಬೀಡಿ, ಭಾರತ್ ಬೀಡಿಯಂಥ ಮಂಗಳೂರಿನ ಸಂಸ್ಥೆಗಳಿಗೆ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಸಂಸತ್ತು 1966ರಲ್ಲಿ ಅಂಗೀಕರಿಸಿತು. ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರ 1968ರಲ್ಲಿ ಅದನ್ನು ಕೇರಳದಲ್ಲಿ ಜಾರಿಗೆ ತಂದಿತು. ಆಗ ಬೇರೆ ರಾಜ್ಯಗಳಲ್ಲಿ ಅದು ಬಹುಪಾಲು ಕಾಗದದ ಮೇಲಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಗಣೇಶ್ ಬೀಡಿ ಕಣ್ಣೂರು ಭಾಗದ ಕೆಲಸ ನಿಲ್ಲಿಸಿತು. ಕೆಲಸ ಕಳೆದುಕೊಂಡವರು ಸುಮಾರು 12,000.

ಕಾಯ್ದೆಯನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ವಿರುದ್ಧ ಭಾರತ ಒಕ್ಕೂಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿದದ್ದು 1974ರಲ್ಲಿ. ಸಂಸ್ಥೆಯ ನಿರ್ಗಮನಕ್ಕೂ ತೀರ್ಪಿಗೂ ನಡುವೆ ಐದು ವರ್ಷಕ್ಕೂ ಹೆಚ್ಚು ಅಂತರ. ಸಹಕಾರಿ ಹುಟ್ಟಿದ್ದು ಈ ಅಂತರದಲ್ಲಿ. ತೀರ್ಪಿನ ಫಲವಾಗಿ ಅಲ್ಲ.

ಕೇರಳ ದಿನೇಶ್ ಬೀಡಿ ಕಾರ್ಮಿಕರ ಕೇಂದ್ರ ಸಹಕಾರ ಸಂಘ ಕಣ್ಣೂರಿನಲ್ಲಿ ಉತ್ಪಾದನೆ ಆರಂಭಿಸಿದ್ದು 1969ರ ಫೆಬ್ರವರಿ 15ರಂದು. ಎರಡು ಅಂಕಿಗಳನ್ನು ಬೇರೆಯಾಗಿಡಬೇಕು. 12,000 ಎಂಬುದು ಕೆಲಸ ಹೋದವರ ಸಂಖ್ಯೆ. ಆರಂಭದಲ್ಲಿ ಸಹಕಾರಿಯಲ್ಲಿ ಕೂತವರು ಸುಮಾರು 3,000. ‘12,000 ಕಾರ್ಮಿಕರು ಕೂಡಿ ಕಟ್ಟಿದರು’ ಎಂಬ ಮಾತು ಈ ಎರಡನ್ನು ಬೆಸೆದದ್ದರಿಂದ ಹುಟ್ಟುತ್ತದೆ. ಷೇರಿನ ಮುಖಬೆಲೆ 20 ರೂಪಾಯಿ. ಅದರ ಬಹುಪಾಲನ್ನು ಸರ್ಕಾರ ಸಾಲವಾಗಿ ಕೊಟ್ಟು ಕಂತಿನಲ್ಲಿ ವಸೂಲು ಮಾಡಿತು. ಆದ್ದರಿಂದ ‘ಕಾರ್ಮಿಕರ ಬಂಡವಾಳ’ ಎಂಬ ಪದವನ್ನು ಆರಂಭದ ವರ್ಷಗಳ ಮಟ್ಟಿಗೆ ಎಚ್ಚರದಿಂದ ಬಳಸಬೇಕು. 1980ರ ದಶಕದ ಮೊದಲ ಭಾಗದಲ್ಲಿ ಸಂಖ್ಯೆ 42,000ದ ಹತ್ತಿರ ಮುಟ್ಟಿತು. 1998ರಲ್ಲಿ ಪ್ರಕಟವಾದ ಥಾಮಸ್ ಐಸಾಕ್, ರಿಚರ್ಡ್ ಫ್ರಾಂಕಿ, ಪ್ಯಾರೇಲಾಲ್ ರಾಘವನ್ ಅವರ ಅಧ್ಯಯನದ ಹೊತ್ತಿಗೆ ಅದು 32,000ದ ಸುತ್ತ ಇತ್ತು.

ರಚನೆ ಎರಡು ಹಂತದ್ದು. ಬೀಡಿ ಕಟ್ಟಿಸುವುದು ಪ್ರಾಥಮಿಕ ಸಂಘಗಳು, ಸುಮಾರು ಇಪ್ಪತ್ತು. ಕಾಸರಗೋಡು ಜಿಲ್ಲೆಯ ದಕ್ಷಿಣ ಭಾಗವೂ ಅವುಗಳ ವ್ಯಾಪ್ತಿಯಲ್ಲಿತ್ತು. ತಂಬಾಕು, ಎಲೆ ಕೊಳ್ಳುವುದು, ಬೀಡಿ ಮಾರುವುದು ಕೇಂದ್ರ ಸಂಘದ ಕೆಲಸ. ಪ್ರಾಥಮಿಕ ಸಂಘದ ಆಡಳಿತ ಮಂಡಳಿಯನ್ನು ಕಾರ್ಮಿಕರು ಚುನಾಯಿಸುತ್ತಾರೆ. ಕೇಂದ್ರದಲ್ಲಿ ಅವರ ಪ್ರತಿನಿಧಿಗಳ ಜೊತೆ ಸರ್ಕಾರದ ನಾಮಕರಣ ಸದಸ್ಯರೂ ಇರುತ್ತಾರೆ. 42,000 ಜನ ಒಂದೇ ಸಭೆಯಲ್ಲಿ ಕೂತು ತೀರ್ಮಾನಿಸಿದ ಉದಾಹರಣೆ ಇದಲ್ಲ. ದೈನಂದಿನ ಪ್ರಜಾಪ್ರಭುತ್ವ ಇದ್ದದ್ದು ಶೆಡ್ಡಿನಲ್ಲಿ.

ಶೆಡ್ಡು ಎಂದರೆ ಉದ್ದನೆಯ ಕೋಣೆ, ಸಾಲಾಗಿ ಕೂತ ಕಾರ್ಮಿಕರು, ಮಡಿಲಲ್ಲಿ ಮೊರ. ಒಬ್ಬನು ಗಟ್ಟಿಯಾಗಿ ಪತ್ರಿಕೆ ಓದುತ್ತಾನೆ, ಉಳಿದವರು ಕಟ್ಟುತ್ತ ಕೇಳುತ್ತಾರೆ. ಓದುವವನ ಕೂಲಿ ಕೆಡದಂತೆ ಇತರರು ತಮ್ಮ ಬೀಡಿಯಲ್ಲಿ ಪಾಲು ಕೊಡುತ್ತಾರೆ. ಈ ಪದ್ಧತಿ ಸಹಕಾರಿಗಿಂತ ಹಳೆಯದು, ಸಹಕಾರಿ ಅದನ್ನು ಉಳಿಸಿಕೊಂಡಿತು ಅಷ್ಟೇ. ಗಡಿಯ ಈಚೆ, ದಕ್ಷಿಣ ಕನ್ನಡದಲ್ಲಿ, ಬೀಡಿ ಬಹುಪಾಲು ಮನೆಯ ಜಗಲಿಯ ಕೆಲಸ. ಹೆಂಗಸು ಒಬ್ಬಳೇ ತಡ್ಪೆ (ಮೊರ) ಹಿಡಿದು ಕೂರುತ್ತಾಳೆ, ಕಟ್ಟಿದ್ದನ್ನು ‘ಬ್ರಾಂಚ್’ಗೆ ಒಯ್ಯುತ್ತಾಳೆ, ಅಲ್ಲಿ ಕಂತ್ರಾಟುದಾರ ಆರಿಸಿ ‘ಡ್ಯಾಮೇಜ್’ ಎಂದು ಒಂದಿಷ್ಟನ್ನು ತೆಗೆದುಹಾಕುತ್ತಾನೆ. ಎಲೆ ಅದೇ, ಕತ್ತರಿ ಅದೇ, ಸಾವಿರಕ್ಕಿಷ್ಟು ಎಂಬ ಲೆಕ್ಕವೂ ಅದೇ. ಬೇರೆಯಾದದ್ದು ಕೂರುವ ಜಾಗ ಮತ್ತು ಆರಿಸುವವನನ್ನು ನೇಮಿಸುವವರು ಯಾರು ಎಂಬುದು.

ಇಳಿಕೆಯ ಕಾರಣಗಳನ್ನು ಗಾತ್ರದ ಲೆಕ್ಕಕ್ಕೆ ಬರೆಯಲು ಆಧಾರ ಸಾಲದು. ಕಾನೂನು ಹೇಳಿದ ಕೂಲಿ, ತುಟ್ಟಿಭತ್ಯೆ, ಪಿ.ಎಫ್., ಬೋನಸ್, ಗ್ರಾಚ್ಯುಟಿ ಎಲ್ಲವನ್ನೂ ಕೊಡುವ ಸಂಸ್ಥೆ ಅವನ್ನು ಕೊಡದವರೊಂದಿಗೆ ಬೆಲೆಯಲ್ಲಿ ಪೈಪೋಟಿ ಮಾಡಬೇಕಿತ್ತು. 1999ರ ಜುಲೈಯಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಿತು, 2003ರಲ್ಲಿ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆ ಬಂತು. ಸಂಸ್ಥೆ 1990ರ ದಶಕದ ಕೊನೆಯಿಂದ ತೆಂಗಿನ ಹಾಲು, ಮಸಾಲೆ, ಕೊಡೆ, ಸಿದ್ಧ ಉಡುಪುಗಳತ್ತ ತಿರುಗಿತು. ಸರಕೇ ಮುಳುಗುತ್ತಿದ್ದಾಗ ಒಡೆತನದ ರೂಪವನ್ನು ದೂರುವುದು ವಿಧಾನದ ದೃಷ್ಟಿಯಿಂದ ದುರ್ಬಲ. ಹಾಗೆಯೇ, ಆರಂಭಕ್ಕೆ ಸರ್ಕಾರದ ಒತ್ತಾಸೆ ಇತ್ತೆಂಬುದನ್ನು ಮರೆತು ಏರಿಕೆಯ ಎಲ್ಲ ಶ್ರೇಯಸ್ಸನ್ನು ಆ ರೂಪಕ್ಕೆ ಕೊಡುವುದೂ ದುರ್ಬಲ.

5. ಕಾಫಿ ಹೌಸ್: ದಿನಾಂಕದ ತಿದ್ದುಪಡಿ

‘ಕಾರ್ಮಿಕರ ಕಾಫಿ ಹೌಸ್ 1936ರಲ್ಲಿ ಮುಂಬಯಿಯಲ್ಲಿ ಹುಟ್ಟಿತು’ ಎಂದು ಬರೆದರೆ ಎರಡು ಬೇರೆ ಸಂಸ್ಥೆಗಳನ್ನು ಒಂದು ಮಾಡಿದಂತಾಗುತ್ತದೆ. 1936ರಲ್ಲಿ ಚರ್ಚ್‌ಗೇಟ್‌ನಲ್ಲಿ ಮಳಿಗೆ ತೆರೆದದ್ದು ಕಾಫಿ ಸೆಸ್ ಸಮಿತಿ. ಉದ್ದೇಶ ಕಾಫಿಯ ಪ್ರಚಾರ. ಅಂಥ ಮಳಿಗೆಗಳು ಮುಂದೆ ಕಾಫಿ ಬೋರ್ಡಿನ ಕೈಸೇರಿದವು. 1950ರ ದಶಕದ ನಡುವೆ ಬೋರ್ಡು ಮಳಿಗೆ ಮುಚ್ಚತೊಡಗಿದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಪ್ರೇರಣೆಯಿಂದ ಕಾರ್ಮಿಕರೇ ವಹಿಸಿಕೊಂಡರು. ಮೊದಲ ಕಾರ್ಮಿಕ ಸಹಕಾರ ಸಂಘ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಕಾರ್ಮಿಕರ ಮೊದಲ ಮಳಿಗೆ ತೆರೆದದ್ದು ದೆಹಲಿಯಲ್ಲಿ, ಅದೇ ಅಕ್ಟೋಬರಿನಲ್ಲಿ. ಬೆಂಗಳೂರು ಮೊದಲೋ ದೆಹಲಿ ಮೊದಲೋ ಎಂಬ ಚರ್ಚೆಗೆ ಆಸ್ಪದವಿಲ್ಲ: ಒಂದು ಸಂಘದ ದಿನಾಂಕ, ಇನ್ನೊಂದು ಮಳಿಗೆಯದು.

ಗಾತ್ರದ ಪ್ರಶ್ನೆಗೆ ಇಲ್ಲಿ ಗಮನಿಸಬೇಕಾದದ್ದು, ದೇಶವ್ಯಾಪಿ ಹೆಸರೊಂದೇ ಇದ್ದರೂ ಸಂಘ ಒಂದಲ್ಲ. ಪ್ರತ್ಯೇಕ ನೋಂದಣಿಯ ಹಲವು ಸಂಘಗಳಿವೆ, ಒಂದರ ನಷ್ಟ ಇನ್ನೊಂದರ ಪುಸ್ತಕಕ್ಕೆ ಬರುವುದಿಲ್ಲ. ಬೆಂಗಳೂರಿನ ಸಂಘ 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟ್‌ಗೆ ಹೋದದ್ದು ಅದೊಂದೇ ಸಂಘದ ವ್ಯವಹಾರ.

6. ಊರಾಳುಂಗಲ್: ಅಪವಾದವೇ?

ಚೆಂಬೂರನ್ನು ಹಾದುಹೋಗುವ ಸಯಾನ್–ಪನ್ವೇಲ್ ಹೆದ್ದಾರಿ ಪನ್ವೇಲ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಸೇರುತ್ತದೆ. ಊರಿಗೆ ಹೋಗುವ ಮುಂಬಯಿ ಕನ್ನಡಿಗರು ಇಂದಿಗೂ ಹಳೆಯ ಅಂಕಿ 17ರಿಂದಲೇ ಅದನ್ನು ಗುರುತಿಸುವುದುಂಟು. ಅದೇ ರಸ್ತೆ ಕರ್ನಾಟಕ ದಾಟಿ ತಲಪಾಡಿಯಲ್ಲಿ ಕಾಸರಗೋಡು ಜಿಲ್ಲೆ ಹೊಕ್ಕು ಮಂಜೇಶ್ವರ, ಉಪ್ಪಳ, ಕುಂಬಳೆಗಳ ಮೂಲಕ ಸಾಗುತ್ತದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಷಟ್ಪಥ ಕಾಮಗಾರಿಯನ್ನು ಪಡೆದದ್ದು ಊರಾಳುಂಗಲ್ ಲೇಬರ್ ಕಾಂಟ್ರಾಕ್ಟ್ ಕೋ-ಆಪರೇಟಿವ್ ಸೊಸೈಟಿ. ಗುತ್ತಿಗೆಯ ಮೊತ್ತ ಸುಮಾರು 1,700 ಕೋಟಿ. ಕಾಮಗಾರಿ ‘ಹೈಬ್ರಿಡ್ ಆನ್ಯುಯಿಟಿ’ ಪದ್ಧತಿಯದು: ವೆಚ್ಚದ ಶೇ. 40ನ್ನು ಸರ್ಕಾರ ನಿರ್ಮಾಣದ ವೇಳೆ ಕೊಡುತ್ತದೆ, ಉಳಿದದ್ದನ್ನು ಗುತ್ತಿಗೆದಾರ ಹೊಂದಿಸಿ ವರ್ಷಗಳ ಕಂತಿನಲ್ಲಿ ಮರಳಿ ಪಡೆಯುತ್ತಾನೆ. ಕಮಾನಿಗೆ ಸಿಗದೆ ಹೋದದ್ದು ಏನೋ ಅದು, ಅಂದರೆ ದೊಡ್ಡ ಮೊತ್ತದ ದೀರ್ಘಾವಧಿ ಹಣ, ಇಲ್ಲಿ ಒಂದು ಕಾರ್ಮಿಕ ಸಹಕಾರಿಗೆ ಸಿಕ್ಕಿದೆ.

ಸಂಘ ಆರಂಭವಾದದ್ದು 1925ರ ಫೆಬ್ರವರಿಯಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ಮಲಬಾರಿನ ವಡಕರದ ಬಳಿ. ಪ್ರೇರಣೆ ಸಮಾಜ ಸುಧಾರಕ ವಾಗ್ಭಟಾನಂದರ ಆತ್ಮವಿದ್ಯಾ ಸಂಘದ್ದು, ಸ್ಥಾಪಕ ಸದಸ್ಯರು 14 ಮಂದಿ. ಮೊದಲ ಬಂಡವಾಳ ‘37 ಪೈಸೆ’ ಎಂದು ಎಲ್ಲೆಡೆ ಅಚ್ಚಾಗುತ್ತದೆ. ದಶಮಾನ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಆದ್ದರಿಂದ 1925ರ ಪುಸ್ತಕದಲ್ಲಿ ಆ ಅಂಕಿ ಇರಲು ಸಾಧ್ಯವಿಲ್ಲ, ಇದು ಮುಂದೆ ಪರಿವರ್ತಿಸಿದ ಮೊತ್ತ. ಆರು ಆಣೆಗೆ ಮೂವತ್ತೇಳೂವರೆ ಪೈಸೆ ಆಗುವುದರಿಂದ ಮೂಲ ನಮೂದು ಆರು ಆಣೆ ಇದ್ದಿರಬಹುದೆಂಬುದು ಕೇವಲ ಊಹೆ. ವಾದಕ್ಕೆ ಇದರಿಂದ ಏನೂ ವ್ಯತ್ಯಾಸವಾಗದು. ಆದರೂ ದಾಖಲಿಸಿದರೆ ನಷ್ಟವಿಲ್ಲ.

ಇನ್ನೊಂದು ಅಂಕಿಗೆ ಹೆಚ್ಚಿನ ಎಚ್ಚರ ಬೇಕು. ಅಂತಾರಾಷ್ಟ್ರೀಯ ಸಹಕಾರ ಒಕ್ಕೂಟದ ‘ವರ್ಲ್ಡ್ ಕೋಆಪರೇಟಿವ್ ಮಾನಿಟರ್’ ವರದಿ ಊರಾಳುಂಗಲನ್ನು ಕೈಗಾರಿಕೆ ವಿಭಾಗದಲ್ಲಿ ಜಗತ್ತಿನ ಎರಡನೆಯ ಸ್ಥಾನದಲ್ಲಿ, ಮೊಂದ್ರಾಗೋನ್‌ನ ನಂತರ, ಇರಿಸಿದೆ. ಆ ಶ್ರೇಣಿಯ ಮಾಪನ ವಹಿವಾಟನ್ನು ಆಯಾ ದೇಶದ ತಲಾ ಜಿಡಿಪಿಯಿಂದ ಭಾಗಿಸಿ ಬಂದದ್ದು. ಭಾಜಕ ಚಿಕ್ಕದಾದಷ್ಟೂ ಸ್ಥಾನ ಮೇಲೇರುತ್ತದೆ. ಡಾಲರ್ ವಹಿವಾಟನ್ನೇ ಲೆಕ್ಕಕ್ಕೆ ಹಿಡಿದರೆ ಚಿತ್ರ ಬೇರೆ. ‘ಜಗತ್ತಿನ ಎರಡನೇ ದೊಡ್ಡ ಸಹಕಾರಿ’ ಎಂಬ ತಲೆಬರಹ ವಿಭಾಗವನ್ನೂ ಭಾಜಕವನ್ನೂ ಎರಡನ್ನೂ ಬಿಟ್ಟುಬಿಡುತ್ತದೆ.

7. ತಾತ್ಕಾಲಿಕ ನಿರ್ಣಯ

ಹಪ್ಪಳ, ಬೀಡಿ, ಕಾಫಿ ಮಳಿಗೆ ಮೂರರಲ್ಲೂ ಗಾತ್ರ ಬೆಳೆದದ್ದು ಒಂದೇ ಬಗೆಯಲ್ಲಿ ಎಂದು ಹೇಳಬಹುದು. ಕೆಲಸವನ್ನು ಒಂದೇ ತೆರನ ಸಣ್ಣ ಘಟಕಗಳಾಗಿ ಒಡೆಯಲಾಯಿತು, ಘಟಕಕ್ಕೆ ಬೇಕಾದ ಸ್ಥಿರ ಬಂಡವಾಳ ಅತ್ಯಲ್ಪ, ಹೆಸರು ಮತ್ತು ಮಾರುಕಟ್ಟೆ ಮಾತ್ರ ಸಮಾನ. ಕಮಾನಿಯಲ್ಲಿ ಕೆಲಸ ಒಡೆಯುವಂಥದ್ದಲ್ಲ, ಬಂಡವಾಳ ಭಾರಿ. ಇಷ್ಟಕ್ಕೇ ನಿಂತಿದ್ದರೆ ‘ಕಾರ್ಮಿಕ ಸಹಕಾರಿ ಹಗುರ ಬಂಡವಾಳದ ಉದ್ದಿಮೆಯಲ್ಲಿ ಮಾತ್ರ ದೊಡ್ಡದಾಗಬಲ್ಲದು’ ಎಂದು ಬರೆದುಬಿಡಬಹುದಿತ್ತು. ಊರಾಳುಂಗಲ್ ಹಾಗೆ ಬರೆಯಲು ಬಿಡುವುದಿಲ್ಲ. ಅಲ್ಲಿ ಯಂತ್ರಗಳಿವೆ, ಸಾಲವಿದೆ. ಅಲ್ಲಿನ ವ್ಯತ್ಯಾಸ ಬಹುಶಃ ಕಾಲದ್ದು: ಹತ್ತಾರು ವರ್ಷ ಸಣ್ಣ ಗುತ್ತಿಗೆಗಳಲ್ಲೇ ಇದ್ದು, ಮಿಗತೆಯನ್ನು ಯಂತ್ರಕ್ಕೆ ಹಾಕುತ್ತ ಬಂದ ಸಂಘ ಅದು. ಕಮಾನಿಯ ಕಾರ್ಮಿಕರಿಗೆ ಕಾರ್ಖಾನೆ ಕೈಗೆ ಬಂದದ್ದು ಸಾಲ ಸಮೇತ, ಒಂದೇ ದಿನ. ಕೇರಳ ಸರ್ಕಾರದ ಕಾಮಗಾರಿಗಳು ಊರಾಳುಂಗಲ್‌ಗೆ ಕೊಟ್ಟ ಆಸರೆಯನ್ನೂ ಕಳೆದು ಲೆಕ್ಕ ಹಾಕಬೇಕು. ಕುರ್ಲಾದ ಕೊಳವೆಗೆ ಅಂಥ ಖಚಿತ ಗಿರಾಕಿ ಇರಲಿಲ್ಲ.

8. ಎಣಿಕೆಯ ಬಗ್ಗೆ

‘ಎಷ್ಟು ದೊಡ್ಡದು’ ಎಂಬುದಕ್ಕೆ ಒಂದೇ ಅಂಕಿ ಕೊಡುವ ವಾಡಿಕೆ ಬಿಟ್ಟು ಮೂರು ಕಾಲಂ ಬರೆಯುವುದು ಲೇಸು: ದುಡಿಯುವ ಸದಸ್ಯರು, ದುಡಿಯುವ ಸದಸ್ಯೇತರರು, ದುಡಿಯದ ಸದಸ್ಯರು. ಲಿಜ್ಜತ್‌ನ ಎರಡನೆಯ ಕಾಲಂನಲ್ಲಿ ಸಂಬಳದ ಗಂಡಸರು ಬರುತ್ತಾರೆ. ಊರಾಳುಂಗಲ್‌ನಲ್ಲಿ ಆ ಕಾಲಂ ದೊಡ್ಡದು, ಅದರಲ್ಲಿ ಹೊರರಾಜ್ಯಗಳ ವಲಸೆ ಕಾರ್ಮಿಕರಿದ್ದಾರೆ. ಅವರಿಗೆ ಕೂಲಿ ಮತ್ತು ಸವಲತ್ತು ಚೆನ್ನಾಗಿದ್ದರೂ ಮತದ ಪ್ರಶ್ನೆ ಬೇರೆಯೇ. ಮೊಂದ್ರಾಗೋನ್‌ನ ವಿದೇಶಿ ಘಟಕಗಳಲ್ಲಿ ದುಡಿಯುವವರೂ ಇದೇ ಕಾಲಂಗೆ ಸೇರುತ್ತಾರೆ. ಅದರ ಅತಿ ಹಳೆಯ ಘಟಕದ ಪರಂಪರೆಯ ಫಾಗೋರ್ ಗೃಹೋಪಕರಣ ಸಂಸ್ಥೆ 2013ರಲ್ಲಿ ದಿವಾಳಿಯಾದಾಗ ಸದಸ್ಯರಿಗೆ ಸಮೂಹದ ಬೇರೆ ಘಟಕಗಳಲ್ಲಿ ಜಾಗ ಹುಡುಕುವ ಏರ್ಪಾಡಿತ್ತು. ಸದಸ್ಯೇತರರಿಗೆ ಆ ಹಕ್ಕಿರಲಿಲ್ಲ. ದಿನೇಶ್ ಬೀಡಿಯ ಶೆಡ್ಡುಗಳಲ್ಲಿ ಎರಡನೆಯ ಕಾಲಂ ಬಹಳ ಚಿಕ್ಕದು.

1989ರ ಕಮಾನಿಯನ್ನು ಹೀಗೆ ಬರೆದರೆ ಹೆಚ್ಚುಕಡಿಮೆ ಎಲ್ಲರೂ ಮೊದಲ ಕಾಲಂನಲ್ಲೇ ಕೂರುತ್ತಾರೆ. ಇಲ್ಲಿ ನೋಡಿದ ಐದರಲ್ಲಿ ಮತ್ತೆ ಕೈಸೋತದ್ದೂ ಅದೇ.